ಹನ್ನೊಂದು ದಿನದ ಅಂಕಿಗಳು

ಆ ಮನೆಯಲ್ಲಿ ಕಿರಿಕಿರಿ ಶುರುವಾಗಿದ್ದು ಒಂದು ಹೊಗಳಿಕೆಯಿಂದ. ಬೈದದ್ದಕ್ಕೆ ಮುಖ ಊದಿಸಿಕೊಳ್ಳುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಹೊಗಳಿದ್ದಕ್ಕೆ ಮೂರು ವಾರ ಮನೆಮಂದಿಗೆಲ್ಲ ಅನ್ನ ನೀರು ರುಚಿಸದೆ ಹೋದದ್ದು ಅಲ್ಲಿ ಮಾತ್ರ.

ಮನೆಯಲ್ಲಿ ಐದು ಜನ. ಎಂಬತ್ತು ತುಂಬಿದ ಅಕ್ಕ, ಅವಳಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳಾದ ತಂಗಿ, ಅಕ್ಕನ ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು. ಮಗ ನೀರು ಸರಬರಾಜು ಕಚೇರಿಯವನು. ಮನೆಮನೆಗೆ ಹೋಗಿ, ಬಗ್ಗಿ ಮೀಟರು ನೋಡಿ, ಅಂಕಿ ಬರೆದುಕೊಂಡು ಬರುವ ಕೆಲಸ. ಸೊಸೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಅಡಿಗೆ ಮಾತ್ರ ಇನ್ನೂ ಅಕ್ಕನ ಕೈಯಲ್ಲೇ ಇತ್ತು. ಸೌಟು ಬಿಟ್ಟರೆ ಮಲಗಿಬಿಡುತ್ತೇನೆ ಅನ್ನುತ್ತಿದ್ದಳು.

ತಂಗಿಗೆ ಮದುವೆ ಮಕ್ಕಳು ಅಂತ ಆಗಲಿಲ್ಲ. ಅವಳ ಪ್ರಪಂಚವೆಲ್ಲ ಗಾಜಿನ ಸೀಸೆ, ಕೊಳವೆ, ಒಲೆ, ತಕ್ಕಡಿ. ಬೀದಿಯವರು ಅವಳನ್ನು ಸೀಸೆಯಮ್ಮ ಅಂತಲೇ ಕರೆಯುತ್ತಿದ್ದರು. ಊರಿನ ದೊಡ್ಡ ಸಂಶೋಧನಾ ಸಂಸ್ಥೆಯ ರಸಾಯನ ವಿಭಾಗಕ್ಕೆ ಕಾಲಿಟ್ಟ ಮೊದಲ ಹೆಂಗಸು ಅವಳು. ಸುಮ್ಮನೆ ಕರೆದು ಕೂರಿಸಲಿಲ್ಲ ಅವರು. ಮೊದಲ ಎರಡು ವರ್ಷ ಪುಸ್ತಕ ಓದಲು ಬಿಟ್ಟರು, ಒಲೆ ಮುಟ್ಟಲು ಬಿಡಲಿಲ್ಲ. ಹೆಂಗಸು ಕೆಲಸ ಮಾಡಿದರೆ ಗಂಡಸರ ಗಮನ ಕೆಡುತ್ತದಂತೆ. ಆಗ ಅವಳು ಹಗಲು ಶಾಲೆಯಲ್ಲಿ ಪಾಠ ಹೇಳಿ, ಅಕ್ಕನ ಬಾಡಿಗೆ ಮನೆಯ ಸ್ನಾನದ ಕೋಣೆಯಲ್ಲಿ ಪ್ರಯೋಗ ಇಟ್ಟುಕೊಂಡಳು. ಮನೆಮಂದಿ ಬೀದಿ ಕೊನೆಯ ನಲ್ಲಿಯಲ್ಲಿ ಸ್ನಾನ ಮಾಡಿದ್ದು ಅದೇ ವರ್ಷ.

ಜ್ವರಕ್ಕೆ ಜನ ಒಂದು ಮರದ ತೊಗಟೆಯನ್ನು ಗಂಟೆಗಟ್ಟಲೆ ಕುದಿಸಿ ಕುಡಿಯುತ್ತಿದ್ದರು. ಕುದಿಸಿದಷ್ಟೂ ಅದರೊಳಗಿನ ಔಷಧಿ ಸಾಯುತ್ತದೆ, ಎಷ್ಟು ಹೊತ್ತಿಗೆ ಎಷ್ಟು ಸಾಯುತ್ತದೆ ಅಂತ ಅಳೆದು ತೋರಿಸಿದವಳು ಅವಳು. ಔಷಧಿ ಸಾಯುವಾಗ ಒಂದು ಬಗೆಯ ಗಾಳಿ ಬಿಡುತ್ತದೆ. ಆ ಗಾಳಿ ಗಾಜಿನ ಕೊಳವೆಯಲ್ಲಿರುವ ನೀರನ್ನು ಕೆಳಕ್ಕೆ ತಳ್ಳುತ್ತದೆ. ಎರಡು ಗಂಟೆಗೊಮ್ಮೆ ನೀರು ಎಲ್ಲಿಗೆ ಇಳಿದಿದೆ ಅಂತ ಬರೆದಿಡಬೇಕು. ಹನ್ನೊಂದು ದಿನದ ಆ ಬರಹ ಪರದೇಶದ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಸಂಸ್ಥೆಯವರು ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ಒಂದು ಮೂಲೆ ಕೊಟ್ಟರು. ಆ ಮೂಲೆಯಿಂದ ಹನ್ನೆರಡು ವರ್ಷಕ್ಕೆ ಒಂದು ಕೋಣೆ, ಮೂವತ್ತೈದು ವರ್ಷಕ್ಕೆ ಒಂದು ಶಾಲು. ನಡುವೆ ಔಷಧಿ ಸಾಯದ ಹಾಗೆ ಮಾತ್ರೆ ಕಟ್ಟಿದಳು, ಎರಡು ಬೆರಳು ಸುಟ್ಟುಕೊಂಡಳು, ಹೊಗೆ ಕುಡಿದು ಕುಡಿದು ಮೂಗಿನ ವಾಸನೆ ಶಕ್ತಿ ಕಳೆದುಕೊಂಡಳು. ಅಕ್ಕ ಏನು ಬಡಿಸಿದರೂ ‘ಬಿಸಿ ಇದೆ, ಚೆನ್ನಾಗಿದೆ’ ಅನ್ನುವುದಷ್ಟೇ ಅವಳ ಊಟದ ಮಾತು.

ಈಗ ಸಂಸ್ಥೆಯವರಿಗೆ ಅವಳ ನೆನಪಾಗಿತ್ತು. ಅವಳ ಜೀವನ, ಕೆಲಸ ಎಲ್ಲ ಸೇರಿಸಿ ಒಂದು ಪುಸ್ತಕ, ಬಿಡುಗಡೆಗೆ ಒಂದು ಸಭೆ, ಹನ್ನೊಂದು ದಿನದ ಅಂಕಿ ಬರೆದಿಟ್ಟ ಆ ಮೊದಲ ನೋಟುಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಅಂತ ಗೊತ್ತಾಯಿತು. ಬರೆಯುವ ಕೆಲಸ ಅಲ್ಲಿನ ಲೈಬ್ರರಿಯ ಹೆಂಗಸಿಗೆ ಬಿತ್ತು. ಆಕೆ ಶನಿವಾರ ಶನಿವಾರ ಮನೆಗೆ ಬಂದು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂರುತ್ತಿದ್ದಳು.

ಎರಡನೆಯ ಶನಿವಾರ ಆಕೆ ನೋಟುಪುಸ್ತಕ ಬಿಡಿಸಿ, ಬೆಳಿಗ್ಗೆಯ ಮತ್ತು ರಾತ್ರಿಯ ಅಂಕಿ ನಿಮ್ಮದು, ನಡುವಿನ ದೊಡ್ಡ ದೊಡ್ಡ ಸೊಟ್ಟ ಅಂಕಿಗಳು ಯಾರವು ಅಂತ ತಂಗಿಯನ್ನು ಕೇಳಿದಳು.

“ನಮ್ಮಕ್ಕಂದು” ಅಂದಳು ತಂಗಿ. “ನಾನು ಶಾಲೆಗೆ ಹೋದ್ರೆ ಬರೋದೇ ಏಳಕ್ಕೆ. ನೋಡೋರು ಯಾರು? ಅವಳೇ ನೋಡಿದ್ದು, ಅವಳೇ ಬರೆದಿದ್ದು.”

ಲೈಬ್ರರಿಯ ಹೆಂಗಸು ಕನ್ನಡಕ ತೆಗೆದು ಅಡಿಗೆಮನೆ ಬಾಗಿಲ ಕಡೆ ನೋಡಿದಳು. ಅಕ್ಕ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ನಿಂತಿದ್ದಳು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕಂಕುಳಲ್ಲಿ ಮಗು ಇಟ್ಟುಕೊಂಡು ಒಂಬತ್ತು ದಿನ, ದಿನಕ್ಕೆ ಆರು ಸಲ ನೋಡಿ ಬರೆದದ್ದು ಅಂದರೆ ಆಕೆಗೆ ನಂಬಿಕೆಯೇ ಬರಲಿಲ್ಲ. ಉಳಿದೆರಡು ದಿನ ಶಾಲೆಗೆ ರಜೆ. ಆಕೆ ಹೋಗುವಾಗ ಅಕ್ಕನ ಎರಡೂ ಕೈ ಹಿಡಿದುಕೊಂಡು, ಪುಸ್ತಕದಲ್ಲಿ ನಿಮ್ಮದೊಂದು ಅಧ್ಯಾಯ ಇರಲೇಬೇಕು, ಸಭೆಯಲ್ಲಿ ನೀವೂ ವೇದಿಕೆ ಮೇಲೆ ಕೂರಬೇಕು ಅಂದಳು. ಅಕ್ಕ ಕೈ ಒದ್ದೆ, ಕೈ ಒದ್ದೆ ಅನ್ನುತ್ತ ಬಿಡಿಸಿಕೊಂಡಳು.

ಅಂದಿನಿಂದ ಮನೆಯ ಗತ್ತೇ ಬದಲಾಯಿತು. ಮಗ ಕಚೇರಿಯಲ್ಲೆಲ್ಲ ಡಂಗುರ ಸಾರಿದ. ಸೊಸೆ ಅತ್ತೆಗೆ ಹೊಸ ರವಿಕೆ ಹೊಲಿಯಲು ಅಳತೆ ಪಟ್ಟಿ ಹಿಡಿದು ಓಡಾಡಿದಳು. ಮೊಮ್ಮಗಳು ಅಜ್ಜಿಯನ್ನು ‘ಪ್ರೊಫೆಸರ್’ ಅಂತ ಕರೆದು, ಪ್ರೊಫೆಸರ್, ಅನ್ನ ಬೆಂದಿದೆಯಾ ಒಂಚೂರು ನೋಡಿ ಹೇಳಿ ಅಂತ ರೇಗಿಸಿದಳು. ಎಲ್ಲರೂ ನಕ್ಕರು. ಅಕ್ಕ ಮಾತ್ರ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು.

ಅವಳ ಸಂಕಟ ಇಷ್ಟೇ. ಆ ಒಂಬತ್ತು ದಿನದಲ್ಲಿ ಒಂದು ಮಧ್ಯಾಹ್ನ ಅವಳು ಕೊಳವೆ ನೋಡಿರಲಿಲ್ಲ. ಪಕ್ಕದ ಮನೆಯವಳ ಹತ್ತಿರ ಒಂದು ಟಿಕೀಟು ಹೆಚ್ಚಿಗೆ ಇತ್ತು. ಗಂಡ ಲಾರಿ ಹತ್ತಿ ಹೋಗಿ ತಿಂಗಳಾಗಿತ್ತು. ಹನ್ನೆರಡರ ಅಂಕಿ ಬರೆದು, ಮೂರು ವರ್ಷದ ಮಗನನ್ನು ಎತ್ತಿಕೊಂಡು, ಬಾಗಿಲು ಎಳೆದುಕೊಂಡು ಸಿನಿಮಾಕ್ಕೆ ಹೋಗಿಬಿಟ್ಟಳು. ವಾಪಸು ಬಂದು ಆರು ಗಂಟೆಯದು ನೋಡಿ ಬರೆದಳು. ಎರಡು ಗಂಟೆಯದು, ನಾಲ್ಕು ಗಂಟೆಯದು ಖಾಲಿ ಇತ್ತು. ಹನ್ನೆರಡಕ್ಕೂ ಆರಕ್ಕೂ ನಡುವೆ, ರೊಟ್ಟಿ ಮುರಿದು ಹಂಚುವ ಹಾಗೆ, ಸಮನಾಗಿ ಎರಡು ಅಂಕಿ ಇಟ್ಟಳು. ಐವತ್ತೆರಡು ವರ್ಷ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಾಯಿ ಬಿಟ್ಟರೆ ತಂಗಿಯ ಹೆಸರಿಗೆ ಮಸಿ. ಬಿಡದಿದ್ದರೆ ವೇದಿಕೆ ಮೇಲೆ ಆ ಅಂಕಿಗೆ ಹಾರ ಹಾಕಿಸಿಕೊಂಡು ಕೂರಬೇಕು. ಯಾವ ಕಡೆ ಹೊರಳಿದರೂ ಮುಳ್ಳು.

ಒಂದು ಬೆಳಿಗ್ಗೆ ಮಗ ತಿಂಡಿ ತಿನ್ನುವಾಗ ಅಕ್ಕ ಹಾಗೇ ಸುಮ್ಮನೆ ಕೇಳಿದ ಹಾಗೆ ಕೇಳಿದಳು.

“ಅಲ್ವೋ, ಮೀಟರು ನೋಡೋಕೆ ಹೋದಾಗ ಮನೆಗೆ ಬೀಗ ಹಾಕಿದ್ರೆ ಏನು ಬರೀತೀಯ?”

“ಹಿಂದಿನ ತಿಂಗಳದ್ದು ನೋಡಿ ಒಂದು ಅಂದಾಜು ಹಾಕ್ತೀನಿ.”

“ತಪ್ಪಲ್ವಾ ಅದು?”

“ತಪ್ಪೇನು? ಪಕ್ಕದಲ್ಲಿ ‘ಬೀಗ’ ಅಂತ ಬರೆದ್ರೆ ಆಯ್ತು. ಬರೀದೆ ಇದ್ರೆ ಕಳ್ಳತನ. ಹೋದ ವರ್ಷ ಒಬ್ಬನ್ನ ಅದಕ್ಕೇ ಮನೆಗೆ ಕಳಿಸಿದ್ರು.” ಚಹಾ ಕುಡಿದು ಎದ್ದ. “ಯಾಕಮ್ಮ, ನನ್ನ ಕೆಲಸಕ್ಕೆ ಕಣ್ಣು ಹಾಕಿದ್ಯಾ?”

ಅಕ್ಕನಿಗೆ ನಗು ಬರಲಿಲ್ಲ. ಅವಳಿಗೆ ಇನ್ನೊಬ್ಬನ ನೆನಪಾಗಿತ್ತು. ತಂಗಿಯ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಒಬ್ಬ ತೆಳ್ಳಗಿನ ಯುವಕ, ನೋಡದೆ ಎರಡು ಅಂಕಿ ಬರೆದು ಸಿಕ್ಕಿಬಿದ್ದಿದ್ದ. ಕ್ಷಮೆ ಕೇಳಲು ಮನೆಗೇ ಬಂದಿದ್ದ. ಅಕ್ಕನೇ ಅವನಿಗೆ ಬಾಗಿಲಲ್ಲಿ ಚಹಾ ಕೊಟ್ಟಿದ್ದಳು. ತಂಗಿ ಅವನನ್ನು ಒಳಗೆ ಕೂರಿಸಿಕೊಳ್ಳದೆ ಕಳಿಸಿದಳು. ಅವನು ಕಡೆಗೆ ಒಂದು ಬಣ್ಣದ ಅಂಗಡಿಯಲ್ಲಿ ಡಬ್ಬಿ ಎತ್ತಿಡುವ ಕೆಲಸಕ್ಕೆ ಸೇರಿದ ಅಂತ ಕೇಳಿದ್ದಳು. ಅಂದು ಅವನ ಖಾಲಿ ಲೋಟವನ್ನು ಅಕ್ಕ ತೊಳೆದಿಟ್ಟಿದ್ದಳು. ಬಾಯಿ ಮಾತ್ರ ತೆರೆಯಲಿಲ್ಲ.

ಮೂರನೆಯ ವಾರದ ಮಂಗಳವಾರ, ಮಗ ಸೊಸೆ ಹೊರಗೆ ಹೋಗಿದ್ದಾಗ, ಅಕ್ಕ ತಂಗಿ ಇಬ್ಬರೂ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. ಅಕ್ಕ ತಟ್ಟೆಯ ಮೇಲೆ ಕಣ್ಣಿಟ್ಟುಕೊಂಡೇ ಎಲ್ಲ ಹೇಳಿಬಿಟ್ಟಳು. ಟಿಕೀಟು, ಪಕ್ಕದ ಮನೆಯವಳು, ಎರಡು ಅಂಕಿ.

ತಂಗಿ ಕೂಗಾಡುತ್ತಾಳೆ ಅಂದುಕೊಂಡಿದ್ದಳು. ತಂಗಿ ಕೇಳಿದ್ದು ಒಂದೇ ಮಾತು. “ಯಾವ ದಿನ?”

“ಅದೇ ನೆನಪಾಗ್ತಿಲ್ಲ ಪುಟ್ಟಿ.”

ತಂಗಿ ಎದ್ದು ನೋಟುಪುಸ್ತಕ ತಂದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹಳೆಯ ಹುರುಪೇ ಇತ್ತು. ಬಿಸಿಲಿತ್ತಾ, ಮೋಡ ಇತ್ತಾ, ಸಂತೆ ದಿನವಾ, ನಾನು ಬೇಗ ಬಂದಿದ್ನಾ, ಮಗುಗೆ ಹುಷಾರಿತ್ತಾ ಅಂತ ಒಂದೊಂದಾಗಿ ಕೇಳಿದಳು. ಬಿಸಿಲಿತ್ತು ಅಂದಳು ಅಕ್ಕ, ಆಮೇಲೆ ಛತ್ರಿ ಹಿಡಿದ ನೆನಪು ಅಂದಳು. ಛತ್ರಿ ಬಿಸಿಲಿಗೂ ಹಿಡಿಯುತ್ತಾರೆ. ಅಲ್ಲಿಗೆ ಅದೂ ಕೈಕೊಟ್ಟಿತು.

“ಸಮನಾಗಿ ಹಂಚಿದೆ ಅಂದ್ಯಲ್ಲ. ಹಾಗಾದ್ರೆ ಹುಡುಕೋದು ಸುಲಭ. ಔಷಧಿ ಯಾವತ್ತೂ ಅಷ್ಟು ಸಮನಾಗಿ ಸಾಯಲ್ಲ.”

ಕಾಲೇಜಿನಿಂದ ಬಂದ ಮೊಮ್ಮಗಳನ್ನೂ ಕೂರಿಸಿಕೊಂಡು ಪುಟ ತಿರುಗಿಸಿದರು. ನಾಲ್ಕನೆಯ ದಿನ ಹನ್ನೆರಡರಿಂದ ಆರರವರೆಗೆ ನಾಲ್ಕು, ನಾಲ್ಕು, ನಾಲ್ಕು ಗೆರೆ ಇಳಿದಿತ್ತು. ಸಿಕ್ಕಿತು ಅಂದಳು ತಂಗಿ. ಮೊಮ್ಮಗಳು ಪುಟ ಬಿಡದೆ, ಚಿಕ್ಕಜ್ಜಿ, ಏಳನೇ ದಿನವೂ ಹಾಗೇ ಇದೆ ಅಂದಳು. ಮೂರು, ಮೂರು, ಮೂರು. ಒಂಬತ್ತನೆಯ ದಿನ ಎರಡು, ಎರಡು, ಎರಡು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

“ಮೂರು ಸಲ ಹೋಗಿದ್ಯಾ ಅಕ್ಕ?”

“ಒಂದೇ ಸಲ.”

“ಸರಿಯಾಗಿ ಯೋಚ್ನೆ ಮಾಡಿ ಹೇಳು.”

ಅಕ್ಕ ಯೋಚಿಸಿದಳು. ಒಂದು ಕುದುರೆ ನೆನಪಾಯಿತು. ದೋಣಿಯಲ್ಲಿ ಕೂತು ಹಾಡುವ ಹೆಂಗಸು ನೆನಪಾದಳು. ಕುದುರೆಯ ಸಿನಿಮಾದಲ್ಲಿ ದೋಣಿ ಇತ್ತೋ, ಅದು ಬೇರೆ ಇದು ಬೇರೆಯೋ, ಒಂದು ಮದುವೆಗೆ ಮುಂಚೆ ನೋಡಿದ್ದೋ ಹೊಳೆಯಲಿಲ್ಲ. ಪಕ್ಕದ ಮನೆಯವಳು ಸತ್ತು ಇಪ್ಪತ್ತು ವರ್ಷ. ಕೇಳೋಣ ಅಂದರೆ ಲೋಕದಲ್ಲಿ ಒಬ್ಬರಿಲ್ಲ. ಒಂದೇ ಸಲ ಅಂತ ಇಷ್ಟು ವರ್ಷ ಗಟ್ಟಿಯಾಗಿ ಹಿಡಿದಿದ್ದ ಮಾತು ಸೋಪಿನ ಹಾಗೆ ಕೈಯಿಂದ ಜಾರತೊಡಗಿತು.

“ಒಂದೇ ಸಲ ಅಂತ ಇದ್ದೆ. ಈಗ ನೀನು ಹಿಂಗೆ ಕೇಳಿದ್ರೆ…” ಅಂದು ತಟ್ಟೆಯ ನಾರನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು.

ಸಿಟ್ಟು ಬಂದದ್ದು ಆಗ. ತಂಗಿ ಪುಸ್ತಕ ಮುಚ್ಚಿ ಮೆಲ್ಲಗೆ ಅಂದಳು. “ಆ ಬಡಪಾಯಿಯನ್ನ ನಾನು ಮನೆಗೆ ಕಳಿಸಿದೆ. ನೀನು ಅವನಿಗೆ ಚಹಾ ಕೊಟ್ಟೆ. ಆಗ್ಲೂ ನಿನಗೆ ಹೇಳಬೇಕು ಅನ್ನಿಸ್ಲಿಲ್ಲ.”

ಅಂದಿನಿಂದ ಅಕ್ಕ ತಂಗಿಗೆ ಮಾತಿಲ್ಲ. ತಂಗಿ ಊಟದ ಮೇಜಿನ ಅರ್ಧ ಹಿಡಿದುಕೊಂಡು, ಆ ಮೂರು ದಿನದ ಮಧ್ಯಾಹ್ನಗಳನ್ನೆಲ್ಲ ಕಿತ್ತುಹಾಕಿ, ಲೆಕ್ಕವನ್ನು ಮೊದಲಿಂದ ಮಾಡತೊಡಗಿದಳು. ಉಳಿದವರು ಇನ್ನರ್ಧದಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಉಂಡರು. ಗುರುವಾರ ಬೆಳಿಗ್ಗೆ ಅಕ್ಕ ಒಲೆ ಮೇಲೆ ಹಾಲಿಟ್ಟು ಮರೆತು ಹಿತ್ತಿಲಲ್ಲಿ ಬಟ್ಟೆ ಹರವುತ್ತ ನಿಂತಳು. ಹಾಲು ಉಕ್ಕಿ, ಬತ್ತಿ, ತಳ ಹಿಡಿದು, ಮನೆತುಂಬ ಹೊಗೆಯಾಯಿತು. ಒಲೆಯಿಂದ ನಾಲ್ಕು ಹೆಜ್ಜೆಯಲ್ಲಿ ಕೂತಿದ್ದ ತಂಗಿ ತಲೆಯೆತ್ತಲಿಲ್ಲ. ಕೆಮ್ಮು ಬಂದಾಗಲೇ ಅವಳಿಗೆ ಗೊತ್ತಾಗಿದ್ದು. ಸೊಸೆ ಹೊಲಿಗೆ ಬಿಟ್ಟು ಓಡಿಬಂದು, ಒಬ್ಬರಿಗೆ ಮೂಗಿಲ್ಲ, ಇನ್ನೊಬ್ಬರಿಗೆ ಗ್ಯಾನವಿಲ್ಲ, ಇಬ್ಬರ ನಡುವೆ ಮನೆ ಸುಟ್ಟುಹೋಗಲಿ ಅಂತ ಗೊಣಗುತ್ತ ಪಾತ್ರೆಯನ್ನು ತೊಟ್ಟಿಗೆ ಹಾಕಿದಳು.

ಅಂದು ಮಧ್ಯಾಹ್ನ ಲೆಕ್ಕ ಮುಗಿಯಿತು. ಉತ್ತರ ಹಳೆಯದೇ. ಕಡೆಯ ಅಂಕಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೇಗೂ ಬೇರೆ ದೇಶದವರೂ ಅದೇ ಪ್ರಯೋಗ ಮಾಡಿ ಅದೇ ಉತ್ತರ ಕಂಡಿದ್ದರು.

ಸಂಜೆ ವಿಷಯ ತಿಳಿದ ಮಗ ಉಸಿರು ಬಿಟ್ಟ. ಹಾಗಾದರೆ ಮುಗಿಯಿತಲ್ಲ, ಈ ಮಾತು ಈ ನಾಲ್ಕು ಗೋಡೆ ದಾಟುವುದು ಬೇಡ ಅಂದ. ಅವನು ಕಚೇರಿಯ ಹನ್ನೆರಡು ಜನಕ್ಕೆ ಸಭೆಗೆ ಬರಲು ಹೇಳಿಯಾಗಿತ್ತು.

“ಅಂದಾಜು ಬರೆದು ‘ಬೀಗ’ ಅಂತ ಹಾಕದೇ ಇದ್ರೆ ಕಳ್ಳತನ ಅಂದೋನು ನೀನೇ” ಅಂದಳು ಅಕ್ಕ.

ಮಗನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಅದು ನೀರಿನ ಬಿಲ್ಲಮ್ಮ. ಇದು ನೀನು.”

“ಆವತ್ತು ನೀನೂ ಜೊತೆಗಿದ್ದೆ. ನನ್ನ ತೊಡೆ ಮೇಲೆ ನಿದ್ದೆ ಹೊಡೀತಿದ್ದೆ.”

“ಹಾಗಾದ್ರೆ ನನ್ನ ಹೆಸರೂ ಸೇರಿಸಿ ಬರೆಸು ಪುಸ್ತಕದಲ್ಲಿ” ಅಂತ ಅವನು ತಟ್ಟೆ ಸರಿಸಿ ಎದ್ದ. ಸೊಸೆ ಅತ್ತೆಯ ಪಕ್ಕ ಬಂದು ಕೂತು, ಅತ್ತೆ, ನೀವು ಒಂದು ಸಿನಿಮಾ ನೋಡಿದ್ದು ಪಾಪವಾ, ಯಾಕೆ ಇಷ್ಟು ಜಗ್ಗಾಡ್ತೀರಿ ಅಂದಳು. ಅಕ್ಕನಿಗೆ ಅದು ಸರಿ ಅನ್ನಿಸಿತು. ಮಗ ಹೇಳಿದ್ದೂ ಸರಿ ಅನ್ನಿಸಿತು. ತಂಗಿಯ ಮೌನ ಎಲ್ಲಕ್ಕಿಂತ ಸರಿ ಅನ್ನಿಸಿತು. ಯಾರ ಮಾತು ಕೇಳಿದರೂ ಹೌದಲ್ಲ ಅನ್ನಿಸುವ ಈ ತಲೆಯನ್ನು ಇಟ್ಟುಕೊಂಡು ಏನು ಮಾಡುವುದು ಅಂತ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು.

ಶನಿವಾರ ಲೈಬ್ರರಿಯ ಹೆಂಗಸು ಬಂದಳು. ಅಕ್ಕನ ಅಧ್ಯಾಯ ಬರೆದುಕೊಂಡೇ ಬಂದಿದ್ದಳು. ಓದಲು ಶುರುಮಾಡಿ ಎರಡು ಸಾಲು ಆಗುವಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು ಮೇಜಿನ ಮುಂದೆ ನಿಂತಳು.

“ಅಮ್ಮಾ, ಅದರಲ್ಲಿ ಎರಡು ಅಂಕಿ ನಾನು ನೋಡದೆ ಬರೆದಿದ್ದು. ಎರಡೋ, ನಾಲ್ಕೋ, ಆರೋ. ಸಿನಿಮಾಕ್ಕೆ ಹೋಗಿದ್ದೆ. ನನ್ನನ್ನ ವೇದಿಕೆ ಮೇಲೆ ಕೂರಿಸ್ಬೇಡಿ.”

ಮಗ ತಲೆ ಮೇಲೆ ಕೈ ಹೊತ್ತುಕೊಂಡ. ಲೈಬ್ರರಿಯ ಹೆಂಗಸು ಒಮ್ಮೆ ಅಕ್ಕನನ್ನು, ಒಮ್ಮೆ ತಂಗಿಯನ್ನು ನೋಡಿದಳು. ಇದನ್ನು ಬರೆಯಬೇಕೋ ಬಿಡಬೇಕೋ ಅಂತ ಅವಳಿಗೂ ತಿಳಿಯಲಿಲ್ಲ. ಸಂಸ್ಥೆಯವರು ಒಪ್ಪಲಿಕ್ಕಿಲ್ಲ, ಪುಸ್ತಕದ ಮೊದಲ ಪುಟದಲ್ಲೇ ಆ ನೋಟುಪುಸ್ತಕದ ಚಿತ್ರ ಹಾಕಿಯಾಗಿದೆ ಅಂದಳು.

ತಂಗಿ ನಾಲ್ಕು ದಿನದ ಮೇಲೆ ಮೊದಲ ಸಲ ಅಕ್ಕನ ಕಡೆ ತಿರುಗಿದಳು.

“ಆ ಬಣ್ಣದ ಅಂಗಡಿಯವನನ್ನ ನಾನು ಒಂದು ಮಾತು ಕೇಳ್ಲಿಲ್ಲ. ಆವತ್ತು ಎಲ್ಲಿಗೆ ಹೋಗಿದ್ದೆ ಅಂತ.” ಸುಟ್ಟ ಬೆರಳುಗಳಿಂದ ನೋಟುಪುಸ್ತಕದ ಅಂಚನ್ನು ನೇವರಿಸಿದಳು. “ನಿನ್ನಾದ್ರೂ ಕೇಳ್ತೀನಿ. ಆರು ಗಂಟೆಯದನ್ನ ನೋಡಿ ಬರೆದೆ ಅಂತೀಯಲ್ಲ. ಎರಡೂವರೆಗೆ ಶುರುವಾಗೋ ಸಿನಿಮಾ ಮುಗಿಯೋದೇ ಐದೂವರೆಗೆ. ಅಲ್ಲಿಂದ ಮನೆಗೆ ಒಂದು ಗಂಟೆ ದಾರಿ. ಹೆಂಗೆ ನೋಡಿದೆ?”

“ಪೂರ್ತಿ ಎಲ್ಲಿ ನೋಡ್ದೆ? ಆರಕ್ಕೆ ಕೊಳವೆ ಹತ್ರ ಇರಬೇಕಿತ್ತಲ್ಲ. ನಡುವೇನೇ ಎದ್ದು ಬಂದೆ. ಮಗೂನ ಎತ್ಕೊಂಡು ಓಡ್ತಾ ಬಂದೆ.”

“ಕಡೆಗೆ ಏನಾಯ್ತು ಅದರ ಕಥೆ?”

“ಗೊತ್ತಿಲ್ಲ.”

“ಪಕ್ಕದ ಮನೆಯವಳನ್ನ ಕೇಳ್ಬೇಕಿತ್ತು.”

“ಅವಳೂ ನನ್ನ ಜೊತೆ ಎದ್ದು ಬಂದ್ಲು. ಒಬ್ಬಳನ್ನೇ ಕಳಿಸೋಕೆ ಮನಸ್ಸು ಬರ್ಲಿಲ್ವಂತೆ. ದಾರಿಯುದ್ದಕ್ಕೂ ನಿನ್ನ ಬೈಕೊಂಡು ಬಂದ್ಲು.”

“ಮೂರು ಸಲ ಹೋಗಿದ್ರೆ?”

“ಮೂರು ಸಲ ಹೋಗಿದ್ರೆ ಮೂರು ಸಲಾನೂ ಎದ್ದು ಬಂದಿರ್ತೀನಿ. ಯಾವ ಸಿನಿಮಾದ ಕೊನೇನೂ ನನಗೆ ನೆನಪಿಲ್ಲ ಪುಟ್ಟಿ.”

ಹೊಲಿಗೆ ಯಂತ್ರದ ಮುಂದೆ ಸೊಸೆ, ಅರ್ಧ ಹೊಲಿದ ರವಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಂಗಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಲೈಬ್ರರಿಯ ಹೆಂಗಸಿನ ಕಡೆ ಪೆನ್ನು ಸರಿಸಿದಳು.

“ನಾನು ಹೇಳಿದ ಹಾಗೇ ಬರ್ಕೊಳ್ಳಿ. ಮೂರು ದಿನದ ಎರಡು ಗಂಟೆಯದು, ನಾಲ್ಕು ಗಂಟೆಯದು ಅನುಮಾನ. ನೋಡಿದವಳಿಗೂ ಗೊತ್ತಿಲ್ಲ, ನೋಡಿಸಿದವಳಿಗೂ ಗೊತ್ತಿಲ್ಲ. ಬರೆದ್ರಾ?”

“ಬರೆದೆ.”

“ಆರು ಗಂಟೆಯದು ಎಲ್ಲಾ ದಿನದ್ದೂ ನಿಜ. ಅದನ್ನ ಮೇಲಿನ ಸಾಲಲ್ಲಿ ಹಾಕಿ.”